ಒಂದಕ್ಕೆ ಕಾಲು ಕಮ್ಮಿ

ಹೆಸರು ಕೇಳಿ ಮೊದಲ ಸಲ ಅಂಗಡಿಗೆ ಬಂದವರು ಯಜಮಾನರ ಮುಖ ನೋಡುವುದಕ್ಕೆ ಮೊದಲು ಕಾಲು ನೋಡುತ್ತಿದ್ದರು. ಬೀದಿಗೆ ಬೀದಿಯೇ ‘ಕಾಲು ಕಮ್ಮಿ’ ಎಂದು ಕರೆಯುವ ಮನುಷ್ಯನಿಗೆ ಒಂದು ಕಾಲು ಇಲ್ಲದಿರಬೇಕು, ಇದ್ದರೂ ಕುಂಟಬೇಕು ಎಂದು ಯಾರಾದರೂ ಊಹಿಸಿದರೆ ತಪ್ಪೇನಲ್ಲ. ಆದರೆ ಗಾಜಿನ ಕೌಂಟರಿನ ಹಿಂದಿನಿಂದ ಎದ್ದು ಬರುತ್ತಿದ್ದವರು ಎರಡು ಗಟ್ಟಿ ಕಾಲುಗಳ ಮೇಲೆ, ತಲೆಯನ್ನು ಹಿಂದಕ್ಕೆ ವಾಲಿಸಿ, ಗದ್ದವನ್ನು ಮುಂದಕ್ಕೆ ಚಾಚಿ, ಎದುರಿನವರನ್ನೆಲ್ಲ ತಮ್ಮ ಕನ್ನಡಕದ ಕೆಳಗಿನ ಅಂಚಿನಿಂದಲೇ ಪರಾಮರ್ಶಿಸುತ್ತ ಸರಸರನೆ ನಡೆಯುವ ಗಿಡ್ಡ ಆಸಾಮಿ. ಗಲಿಬಿಲಿಗೊಂಡ ಗಿರಾಕಿಗಳ ನೋಟ ಆಮೇಲೆ ಷರಾಯಿಗೆ ಇಳಿಯುತ್ತಿತ್ತು. ಅದು ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತುಬಿಟ್ಟಿರುವುದನ್ನು ಕಂಡು, ಓಹೋ, ಹೆಸರು ಇದರಿಂದ ಬಂದಿರಬೇಕು ಎಂದುಕೊಳ್ಳುತ್ತಿದ್ದರು. ಅದೂ ಅಲ್ಲ. ಅವರ ಹೆಸರಿನ ಕಾಲು ನಡೆಯುವ ಕಾಲಲ್ಲ, ಲೆಕ್ಕದ ಕಾಲು. ಅರ್ಧ, ಮುಕ್ಕಾಲುಗಳ ಒಡಹುಟ್ಟಾದ ಕಾಲು.

ಯಾವುದನ್ನೂ ಪೂರ್ತಿ ಕೊಡಬಾರದು, ಪೂರ್ತಿ ತೆಗೆದುಕೊಳ್ಳಬಾರದು ಎಂಬುದು ಅವರ ಜೀವನಸಿದ್ಧಾಂತ. ಚಹಾಕ್ಕೆ ಹಾಕಲು ತೆಗೆದ ಸಕ್ಕರೆಯಲ್ಲಿ ಕಾಲು ಚಮಚ ಮತ್ತೆ ಡಬ್ಬಿಗೆ ಬೀಳುತ್ತಿತ್ತು. ವೈದ್ಯರು ಬರೆದುಕೊಟ್ಟ ಮಾತ್ರೆಯ ಒಂದು ಮೂಲೆಯನ್ನು ಬ್ಲೇಡಿನಿಂದ ಕೊಯ್ದು ಕಿಟಕಿಯಾಚೆ ಎಸೆದ ಮೇಲೆಯೇ ಉಳಿದದ್ದು ಗಂಟಲಿಗಿಳಿಯುತ್ತಿತ್ತು. ದರ್ಜಿ ಅಳತೆ ತೆಗೆದು ಟೇಪು ಸುತ್ತುವಷ್ಟರಲ್ಲಿ, ಸ್ವಲ್ಪ ಕಮ್ಮಿ ಮಾಡು ಎಂಬ ಅಪ್ಪಣೆ ಹೊರಡುತ್ತಿತ್ತು. ಷರಾಯಿಯ ದುರ್ಗತಿಗೂ, ಮೊಣಕೈಯನ್ನು ದಾಟಲು ಹೆಣಗುತ್ತಿದ್ದ ಬೂದುಬಣ್ಣದ ಅಂಗಡಿ ಕೋಟಿನ ತೋಳಿಗೂ ಅದೇ ಕಾರಣ. ಯಾವುದಾದರೂ ಮಗು ನೂರಕ್ಕೆ ನೂರು ಅಂಕ ತಂದು ತೋರಿಸಿದರೆ, ಎಪ್ಪತ್ತೈದು ಸಾಕಾಗಿತ್ತಲ್ಲ ಎಂದು ನಿಜವಾದ ಕಳಕಳಿಯಿಂದಲೇ ಹೇಳುತ್ತಿದ್ದರು. ಇವನ್ನೆಲ್ಲ ಯಾರಾದರೂ ಪ್ರಶ್ನಿಸಿದರೆ ವಾದಕ್ಕೆ ಇಳಿಯುತ್ತಿರಲಿಲ್ಲ. ‘ನೋಡೋಣ’ ಎನ್ನುತ್ತಿದ್ದರು. ಆ ‘ನೋಡೋಣ’ಕ್ಕೆ ಒಪ್ಪಿದೆ ಎಂಬ ಅರ್ಥವಿರಲಿಲ್ಲ, ಯೋಚಿಸುತ್ತೇನೆ ಎಂಬ ಅರ್ಥವೂ ಇರಲಿಲ್ಲ, ನೀನು ಮಾತು ಮುಗಿಸಿ ಹೊರಡು, ನಾನು ನನ್ನ ಪ್ರಕಾರವೇ ಮಾಡುತ್ತೇನೆ ಎಂಬುದೇ ಅದರ ಒಟ್ಟು ತಾತ್ಪರ್ಯ.

ಇಂಥ ಮನುಷ್ಯ ಕನ್ನಡಕ ಮಾಡುವ ಕಸುಬಿಗೆ ಬಂದದ್ದೇ ಒಂದು ವಿಪರ್ಯಾಸ. ಅದರಲ್ಲೂ ಅವರ ಸೋದರಸೊಸೆ, ಅಂದರೆ ಅಕ್ಕನ ಮಗಳು, ಓದಿ ಕಣ್ಣಿನ ಡಾಕ್ಟರಾಗಿ, ಅದೇ ಬೀದಿಯ ಎದುರು ಬದಿಯಲ್ಲಿ ಮಕ್ಕಳ ಕಣ್ಣಿನ ಆಸ್ಪತ್ರೆ ತೆರೆದದ್ದು ವಿಪರ್ಯಾಸದ ಮೇಲೆ ಇನ್ನೊಂದು. ಡಾಕ್ಟರಮ್ಮ ಚೀಟಿ ಬರೆಯುವುದು, ಮಕ್ಕಳು ರಸ್ತೆ ದಾಟಿ ಮಾವನ ಅಂಗಡಿಗೆ ಹೋಗುವುದು, ಕನ್ನಡಕ ಹಾಕಿಕೊಂಡು ಮನೆಗೆ ಹೋಗುವುದು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಅದು ಬರಿಯ ಬಂಧುಪ್ರೇಮದ ಏರ್ಪಾಡಾಗಿರಲಿಲ್ಲ. ಮೂಗೆಂದು ಹೇಳಿಕೊಳ್ಳಲು ಇನ್ನೂ ಏನೂ ಎದ್ದಿರದ ಪುಟ್ಟ ಮುಖಗಳ ಮೇಲೆ ಕನ್ನಡಕ ನಿಲ್ಲಿಸುವ ವಿದ್ಯೆ ಆ ಸೀಮೆಯಲ್ಲಿ ಅವರೊಬ್ಬರಿಗೇ ಒಲಿದಿತ್ತು. ಮಗುವನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ತಾವು ಮಂಡಿ ಬಾಗಿಸಿ ಅದರ ಕಣ್ಣಿನ ಮಟ್ಟಕ್ಕೆ ಬಂದು, ಫ್ರೇಮಿನ ಕಡ್ಡಿಯನ್ನು ಬಿಸಿ ಮರಳಿನ ಡಬ್ಬಿಯೊಳಗೆ ತೂರಿಸಿ ಮೆತ್ತಗಾಗಿಸಿ, ಕಿವಿಯ ಹಿಂದಿನ ತಿರುವಿಗೆ ಸರಿಯಾಗಿ ಬಗ್ಗಿಸುತ್ತಿದ್ದರು. ಆಮೇಲೆ ತಲೆ ಕೊಡವು, ಕುಣಿ, ಬಗ್ಗಿ ಬೂಟಿನ ಲಾಡಿ ಕಟ್ಟು ಎಂದು ಪರೀಕ್ಷೆಗಳ ಮೇಲೆ ಪರೀಕ್ಷೆ. ಕನ್ನಡಕ ಜಾರಿದರೆ ಮತ್ತೆ ಮರಳಿನ ಡಬ್ಬಿ. ಅಷ್ಟೆಲ್ಲ ಮುಗಿದ ಮೇಲೂ ಅವರು ಮಗುವನ್ನು ಕೇಳದೆ ಉಳಿದ ಪ್ರಶ್ನೆ ಒಂದೇ ಒಂದಿತ್ತು, ಅದನ್ನು ಕೇಳಬೇಕೆಂದು ಅವರಿಗೆ ಯಾವತ್ತೂ ಹೊಳೆಯಲಿಲ್ಲ.

ಡಾಕ್ಟರಮ್ಮನ ಕೆಲಸದ ಕಷ್ಟವನ್ನು ಇಲ್ಲಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅವಳ ಸಿಡುಕು ಅರ್ಥವಾಗುವುದಿಲ್ಲ. ಮಕ್ಕಳ ಸಮೀಪದೃಷ್ಟಿ ಎಂದರೆ ದೂರದ್ದು ಮಸುಕಾಗಿ ಕಾಣುವುದು ಅಷ್ಟೇ ಅಲ್ಲ. ಬೆಳೆದು ಒಂದು ಹಂತಕ್ಕೆ ನಿಲ್ಲಬೇಕಾದ ಕಣ್ಣಿನ ಗುಡ್ಡೆ ನಿಲ್ಲದೆ ಉದ್ದಕ್ಕೆ ಬೆಳೆಯುತ್ತ ಹೋಗುತ್ತದೆ. ಹಿಂಬದಿಯ ಪರದೆ ಅದರೊಂದಿಗೆ ಎಳೆದುಕೊಂಡು ತೆಳ್ಳಗಾಗುತ್ತದೆ. ಕನ್ನಡಕ ಕಾಣುವಂತೆ ಮಾಡುತ್ತದೆಯೇ ಹೊರತು ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಹಾಗಾಗಿ ಅವಳು ಆರಾರು ತಿಂಗಳಿಗೊಮ್ಮೆ ಯಂತ್ರದ ಮುಂದೆ ಮಗುವನ್ನು ಕೂರಿಸಿ ಕಣ್ಣಿನ ಉದ್ದ ಅಳೆಯುತ್ತಿದ್ದಳು. ತಾಯಿತಂದೆಯರ ಕಣ್ಣು ಹೇಗಿದೆ, ಮಗುವಿಗೆ ಎಷ್ಟನೇ ವಯಸ್ಸಿಗೆ ಶುರುವಾಯಿತು, ಯಾವ ವೇಗದಲ್ಲಿ ಏರುತ್ತಿದೆ ಎಂಬುದನ್ನೆಲ್ಲ ಕೂಡಿಸಿ, ಶಾಲೆ ಮುಗಿಸುವ ಹೊತ್ತಿಗೆ ನಂಬರು ಎಲ್ಲಿಗೆ ಮುಟ್ಟಬಹುದು ಎಂದು ಅಂದಾಜಿಸುತ್ತಿದ್ದಳು. ಏರುವ ವೇಗವನ್ನು ತಗ್ಗಿಸಲು ದಿನವೂ ಮಲಗುವ ಮುನ್ನ ಒಂದೊಂದು ಹನಿ ಔಷಧ, ದಿನಕ್ಕೆರಡು ಗಂಟೆ ಹಗಲಿನ ಬೆಳಕಿನಲ್ಲಿ ಹೊರಗಿನ ಆಟ, ಕೈಯಲ್ಲಿನ ಪುಸ್ತಕಕ್ಕೂ ಮೂಗಿಗೂ ಒಂದಿಷ್ಟು ಅಂತರ. ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು ಎಂದು ಅವಳು ದಿನವೂ ಗಂಟಲು ಹರಿಯುವಂತೆ ಹೇಳಬೇಕಾಗಿತ್ತು.

ಕೇಳುವವರೋ, ಕನ್ನಡಕ ಯಾವಾಗ ಬಿಡಿಸುತ್ತೀರಿ ಎಂದು ಕೇಳುತ್ತಿದ್ದರು. ಮಗುವನ್ನು ಹೊರಗೆ ಆಡಲು ಬಿಡಿ ಎಂದರೆ ಟ್ಯೂಷನ್ನಿನ ಕಿಟಕಿ ದೊಡ್ಡದಾಗಿದೆ, ಬೆಳಕು ಚೆನ್ನಾಗಿ ಬರುತ್ತದೆ ಎಂದು ಸಮಾಧಾನ ಹೇಳುತ್ತಿದ್ದರು. ಲೆಕ್ಕಪತ್ರದ ಕೆಲಸದ ಒಬ್ಬ ತಂದೆಯಂತೂ, ಮೈನಸ್ ಎರಡರಿಂದ ಮೈನಸ್ ಮೂರಕ್ಕೆ ಹೋಗಿದೆ ಎಂದರೆ ಕಡಿಮೆಯಾಗಿದೆ ಎಂದೇ ಅರ್ಥವಲ್ಲವೇ ಎಂದು ಅವಳ ಮೇಜಿನ ಮೇಲಿದ್ದ ಪೆನ್ನನ್ನೇ ತೆಗೆದುಕೊಂಡು ರುಜುವಾತು ಮಾಡಲು ಹೊರಟಿದ್ದ. ಇವರೆಲ್ಲರನ್ನೂ ಅವಳು ಹಲ್ಲು ಕಚ್ಚಿಕೊಂಡು ಸಹಿಸಿಕೊಳ್ಳುತ್ತಿದ್ದಳು. ಸಹಿಸಲು ಆಗದಿದ್ದುದು ಮಾವನನ್ನು. ಅವಳ ಅಂದಾಜುಗಳ ವಿಷಯ ಬಂದಾಗಲೆಲ್ಲ ಅವರು ತಲೆಯನ್ನು ಇನ್ನಷ್ಟು ಹಿಂದಕ್ಕೆ ವಾಲಿಸಿ, ನೀನು ಕಣ್ಣಿನ ಡಾಕ್ಟರೋ ಕಣಿ ಹೇಳೋ ಡಾಕ್ಟರೋ ಎಂದು ಗಿರಾಕಿಗಳ ಎದುರಿಗೇ ಕೇಳಿ ನಗುತ್ತಿದ್ದರು.

ಅವಳಿಗೆ ನಗು ಬಾರದಿರಲು ಕಾರಣವಿತ್ತು. ಅವಳ ತಾಯಿಗೆ ಒಂದು ಕಣ್ಣಿಲ್ಲ. ಹುಡುಗಿಯಾಗಿದ್ದಾಗಲೇ ಏರತೊಡಗಿದ ನಂಬರು ಹದಿನಾಲ್ಕಕ್ಕೆ ಮುಟ್ಟಿ, ನಡುವಯಸ್ಸಿನಲ್ಲಿ ಒಂದು ದಿನ ಬಟ್ಟೆ ಒಣಹಾಕುತ್ತಿದ್ದಾಗ ಎಡಗಣ್ಣಿನ ಮೂಲೆಯಿಂದ ಕರಿನೆರಳು ಇಳಿಯತೊಡಗಿ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಪರದೆ ಕಳಚಿ ಹೋಗಿತ್ತು. ಉಳಿದ ಕಣ್ಣಿಗೆ ಈಚೆಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿ, ಒಳಗೇ ಲೆನ್ಸು ಕೂತು, ದಪ್ಪ ಕನ್ನಡಕದ ಭಾರ ಇಳಿದಿತ್ತು, ಅಷ್ಟೇ. ಡಾಕ್ಟರಮ್ಮನದೂ ಮೈನಸ್ ಆರು. ಈಗ ಎಂಟು ವರ್ಷದ ಮಗಳದು ಮೈನಸ್ ಮೂರಕ್ಕೆ ಬಂದು ನಿಂತಿತ್ತು, ಅಲ್ಲ, ನಿಂತಿರಲಿಲ್ಲ. ಪರರ ಮಕ್ಕಳಿಗೆ ಹಾಕುವ ಲೆಕ್ಕವನ್ನೇ ತನ್ನ ಮಗಳಿಗೂ ಹಾಕಿದಾಗ, ಹೀಗೇ ಹೋದರೆ ಹುಡುಗಿ ಅಜ್ಜಿಯ ದಾರಿ ಹಿಡಿಯುತ್ತಾಳೆ ಎಂಬ ಉತ್ತರ ಬಂತು. ಆ ದಾರಿಯನ್ನು ಹೇಗಾದರೂ ತಪ್ಪಿಸಬೇಕು ಎಂಬ ಒಂದೇ ಯೋಚನೆ ಅವಳನ್ನು ಹಗಲಿರುಳು ಕಾಡುತ್ತಿತ್ತು.

ಆ ಹೊತ್ತಿಗೆ, ಹೊಸ ಕನ್ನಡಕ ಹಾಕಿಸಿ ಮತ್ತೊಮ್ಮೆ ಓದಿಸುವ ಅಭ್ಯಾಸ ಶುರುಮಾಡಿದ ಮೇಲೆ, ಆಸ್ಪತ್ರೆಯಲ್ಲಿ ಒಂದು ವಿಚಿತ್ರ ಅವಳ ಗಮನಕ್ಕೆ ಬರತೊಡಗಿತ್ತು. ಪರೀಕ್ಷೆಯ ಲೆನ್ಸು ಹಾಕಿದಾಗ ಚಾರ್ಟಿನ ಕಟ್ಟಕಡೆಯ ಸಾಲನ್ನೂ ಪಟಪಟನೆ ಓದುವ ಮಕ್ಕಳು, ಹೊಸ ಕನ್ನಡಕ ಧರಿಸಿ ಬಂದು ಅದೇ ಚಾರ್ಟಿನ ಮುಂದೆ ಕೂತರೆ ಎರಡು ಸಾಲು ಬಾಕಿ ಇರುವಾಗಲೇ ಬಾಯಿ ಮುಚ್ಚಿಬಿಡುತ್ತಿದ್ದರು. ಅವಳು ಚಾರ್ಟಿನ ದೀಪ ಬದಲಿಸಿದಳು, ಕುರ್ಚಿಯ ಅಂತರ ಅಳೆದಳು, ಸಹಾಯಕಿಯನ್ನು ಸುಮ್ಮಸುಮ್ಮನೆ ಗದರಿದಳು. ಒಂದು ಸಂಜೆ ಮಗಳನ್ನೇ ಕೂರಿಸಿ ಕೇಳಿದಳು. ಹುಡುಗಿ ಮೂರನೆಯ ಸಾಲಿನಿಂದ ಕೆಳಗಿಳಿದು, ಕೊನೆಗೆ ಎರಡು ಸಾಲು ಉಳಿದಾಗ ಕೈ ಕಟ್ಟಿ ಕೂತಳು. ಓದು ಎಂದರೆ ಓದಲೊಲ್ಲಳು.

“ಅದು ನಂಗಲ್ಲಮ್ಮ,” ಎಂದಳು. “ಕೊನೇ ಎರಡು ಸಾಲು ದೊಡ್ಡವರಿಗೆ. ಅಂಗಡಿ ತಾತ ಹೇಳಿದಾರೆ.”

ಡಾಕ್ಟರಮ್ಮ ಮಗಳ ಮೂಗಿನಿಂದ ಕನ್ನಡಕ ತೆಗೆದು ಲೆನ್ಸಿನ ನಂಬರು ಅಳೆಯುವ ಯಂತ್ರದ ಕೆಳಗಿಟ್ಟಳು. ಬರೆದುಕೊಟ್ಟದ್ದು ಮೂರು, ಯಂತ್ರ ತೋರಿಸಿದ್ದು ಎರಡೂಕಾಲು. ಎರಡು ಕಣ್ಣಿಗೂ ಅಷ್ಟೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪರರ ಅಂಗಡಿಯಿಂದ ಬಂದ ಕನ್ನಡಕಗಳನ್ನು ಅನುಮಾನದಿಂದ ಪರೀಕ್ಷಿಸುವವಳು ಮಾವನ ಕೈಯಿಂದ ಬಂದದ್ದನ್ನು ಒಂದು ದಿನವೂ ಆ ಯಂತ್ರದ ಕೆಳಗೆ ಇಟ್ಟಿರಲಿಲ್ಲ. ಆಸ್ಪತ್ರೆಯ ಬಾಗಿಲನ್ನೂ ಹಾಕದೆ ರಸ್ತೆ ದಾಟಿದಳು.

ಅಂಗಡಿಯಲ್ಲಿ ಮಾವ ಮೆತ್ತನೆಯ ಬಟ್ಟೆಯಿಂದ ಯಾವುದೋ ಲೆನ್ಸು ಒರೆಸುತ್ತಿದ್ದರು. ಅವಳು ಕೇಳಿದಳು, ಅವರು ಹೇಳಿದರು. ಕದ್ದು ಸಿಕ್ಕಿಬಿದ್ದವರ ಅಳುಕು ಆ ಮುಖದಲ್ಲಿ ಲವಲೇಶವೂ ಇರಲಿಲ್ಲ. ಇದರಲ್ಲಿ ಕೇಳುವುದೇನಿದೆ ಎಂಬ ಆಶ್ಚರ್ಯವಿತ್ತು. ಒಂದಕ್ಕೆ ಕಾಲರಂತೆ ಕಮ್ಮಿ ಮಾಡುವುದು ತಮ್ಮ ಪದ್ಧತಿ: ಎರಡಕ್ಕೆ ಅರ್ಧ, ಮೂರಕ್ಕೆ ಮುಕ್ಕಾಲು, ನಾಲ್ಕಕ್ಕೆ ಒಂದು. ಕಸುಬಿಗೆ ಬಂದ ಹೊಸದರಿಂದ ಮಕ್ಕಳಿಗೆ ಹಾಗೇ ಮಾಡಿಕೊಂಡು ಬಂದಿದ್ದಾರೆ, ಬೀದಿಯವರು ಹೆಸರಿಟ್ಟಿರುವುದೇ ಅದಕ್ಕೆ, ಡಾಕ್ಟರಾದವಳಿಗೆ ಇದು ಗೊತ್ತಿರಲಿಲ್ಲವೇ?

“ಮಗೂನ ಕಣ್ಣಿಗೆ ಪೂರ್ತಿ ಕೊಟ್ರೆ ಸೋಮಾರಿ ಆಗುತ್ತೆ,” ಎಂದರು. “ಸ್ವಲ್ಪ ಹಸಿವು ಉಳಿಸಿರಬೇಕು. ಆಗ ತಾನೇ ಕಷ್ಟಪಟ್ಟು ನೋಡೋದು ಕಲಿಯುತ್ತೆ.”

ಅವಳಿಗೆ ಆಗ ನೆನಪಾದದ್ದು ಒಂದು ಗಡಿಯಾರ. ಶಾಲೆಯ ಗೋಡೆಯ ಮೇಲಿದ್ದ ಆ ಗಡಿಯಾರಕ್ಕೆ ಎರಡೇ ಮುಳ್ಳುಗಳೆಂದು ಅವಳು ಬಾಲ್ಯವಿಡೀ ನಂಬಿದ್ದಳು. ಬೋರ್ಡಿನ ಮೇಲಿನದು ಎಲ್ಲರಿಗೂ ಅಷ್ಟೇ ಮಸುಕು ಎಂದುಕೊಂಡು ಪಕ್ಕದವಳ ಪುಸ್ತಕ ನೋಡಿ ಬರೆದು, ನಕಲು ಮಾಡುತ್ತೀಯಾ ಎಂದು ಬೆಂಚಿನ ಮೇಲೆ ನಿಂತಿದ್ದಳು. ಕಾಲೇಜಿಗೆ ಬೇರೆ ಊರಿಗೆ ಹೋಗಿ, ಅಲ್ಲಿನ ಅಂಗಡಿಯಲ್ಲಿ ಕನ್ನಡಕ ಮಾಡಿಸಿ, ರಜೆಗೆ ಬಂದಾಗ ಯಾವುದೋ ಕೆಲಸಕ್ಕೆ ಹಳೆಯ ಶಾಲೆಗೆ ಹೋದರೆ ಆ ಗಡಿಯಾರದಲ್ಲಿ ತೆಳ್ಳನೆಯ ಕೆಂಪು ಸೆಕೆಂಡಿನ ಮುಳ್ಳು ತಿರುಗುತ್ತಿತ್ತು. ಹೊಸದಾಗಿ ಹಾಕಿಸಿದ್ದಾರೆ ಎಂದೇ ಭಾವಿಸಿದ್ದಳು. ಆ ಮುಳ್ಳು ಮೊದಲಿನಿಂದಲೂ ಅಲ್ಲಿಯೇ ತಿರುಗುತ್ತಿತ್ತು.

“ನನ್ನದಕ್ಕೂ ಕಮ್ಮಿ ಮಾಡಿದ್ರಾ ಮಾವ?”

“ನಿನ್ನದಕ್ಕೂ. ಅದಕ್ಕೇ ನಿಂದು ಆರಕ್ಕೆ ನಿಂತಿರೋದು.”

ಅಷ್ಟೇ ಸಾಲದೆಂಬಂತೆ ಅವರು ಇನ್ನೂ ಹೇಳಿದರು. ತಾವು ಲೆನ್ಸು ಉಜ್ಜುವ ಕೆಲಸ ಕಲಿಯುತ್ತಿದ್ದಾಗ ಅಕ್ಕನಿಗೆ ವರ್ಷವರ್ಷವೂ ದಪ್ಪದ ಗಾಜು ಮಾಡಿಕೊಟ್ಟರಂತೆ. ಕೊಟ್ಟಷ್ಟೂ ಕಣ್ಣು ಇನ್ನಷ್ಟು ಕೇಳಿತಂತೆ. ಗಾಜೇ ನಂಬರನ್ನು ಎಳೆದು ಮೇಲೆ ತರುತ್ತಿದೆ ಎಂದು ಆಗ ಮನವರಿಕೆಯಾಗಿ, ಮೊದಲು ಅಕ್ಕನದಕ್ಕೆ ಕಾಲು ಕತ್ತರಿಸಿದರಂತೆ. ಕತ್ತರಿಸದೆ ಹೋಗಿದ್ದರೆ ಹದಿನಾಲ್ಕರ ಬದಲು ಇಪ್ಪತ್ತಾಗುತ್ತಿತ್ತು, ಎರಡನೆಯ ಕಣ್ಣೂ ಹೋಗುತ್ತಿತ್ತು. ಅಕ್ಕ ಇವತ್ತು ಒಂದು ಕಣ್ಣಿನಿಂದಾದರೂ ಪ್ರಪಂಚ ನೋಡುತ್ತಿರುವುದು ಈ ಕೈಯಿಂದ ಎಂದು, ಬೆರಳುಗಳಲ್ಲಿ ಗಾಜು ಕುಯ್ದ ಹಳೆಯ ಗಾಯದ ಕಲೆಗಳಿದ್ದ ಬಲಗೈಯನ್ನು ಎತ್ತಿ ತೋರಿಸಿದರು.

ಅವಳು ಅಂದು ಅಂಗಡಿಯಲ್ಲಿ ಎಷ್ಟು ಹೇಳಿದಳೋ ಅದಕ್ಕೆ ಮಿತಿಯಿಲ್ಲ. ಕಮ್ಮಿ ನಂಬರು ಕೊಟ್ಟು ನೋಡಿದ ಪ್ರಯೋಗಗಳು ನಡೆದಿವೆ, ಅದರಿಂದ ಏರಿಕೆ ನಿಧಾನವಾಗಿಲ್ಲ, ಕೆಲವು ಕಡೆ ತುಸು ಹೆಚ್ಚೇ ಆಗಿದೆ. ಹೋಗಲಿ, ಮಕ್ಕಳಿಗೆ ಬೋರ್ಡು ಕಾಣಬೇಡವೇ. ಔಷಧ ಹಾಕುತ್ತ, ಉದ್ದ ಅಳೆಯುತ್ತ ನಾನು ಒಂದು ಕಡೆಯಿಂದ ಹೆಣಗುತ್ತಿದ್ದರೆ ನೀವು ಎದುರು ಕೂತು ಕತ್ತರಿ ಆಡಿಸುತ್ತಿದ್ದೀರಿ ಎಂದು ಕೂಗಾಡಿದಳು. ಮಾವ ಎಲ್ಲವನ್ನೂ ಗದ್ದ ಚಾಚಿಕೊಂಡು ಕೇಳಿದರು. ನಡುವೆ ಒಂದು ಸಲ ಅವಳಿಗೆ ಕುಡಿಯಲು ನೀರು ಕೊಟ್ಟರು, ಲೋಟ ತುಂಬ ಅಲ್ಲ. ಕೊನೆಗೆ ನೋಡೋಣ ಎಂದರು.

ಮಾರನೆಯ ವಾರ ಮಗಳಿಗೆ ಹೊಸ ಕನ್ನಡಕ ಬಂತು. ಮಾವ ಸೋತು ಒಪ್ಪಿಕೊಂಡರೆಂದು ಡಾಕ್ಟರಮ್ಮನಿಗೆ ಒಳಗೊಳಗೇ ಪಶ್ಚಾತ್ತಾಪವೂ ಆಗಿತ್ತು, ಅಷ್ಟು ಕೂಗಬಾರದಿತ್ತು ಎಂದು. ಯಂತ್ರದ ಕೆಳಗಿಟ್ಟಳು: ಬಲಗಣ್ಣು ಸರಿಯಾಗಿ ಮೂರು. ಎಡಗಣ್ಣು ಎರಡೂಕಾಲು.

“ಒಂದು ಕಣ್ಣು ನಿನ್ನ ಮಾತಿಗೆ, ಒಂದು ಕಣ್ಣು ನನ್ನ ಮಾತಿಗೆ,” ಎಂದರು ಮಾವ, ದೊಡ್ಡ ನ್ಯಾಯ ತೀರಿಸಿದವರ ಔದಾರ್ಯದಿಂದ. “ವರ್ಷ ಕಳೀಲಿ, ಯಾರದ್ದು ಸರಿ ಅಂತ ಗೊತ್ತಾಗುತ್ತೆ.”

ಅವಳು ಎರಡು ಕೈಯಿಂದ ತಲೆ ಹಿಡಿದು ಕೂತಳು. ಬೈಯಲು ಕೂಡ ಶಕ್ತಿ ಬೇಕಲ್ಲ. ಮಗುವನ್ನು ಪ್ರಾಣದಂತೆ ಪ್ರೀತಿಸುವ ಮುದುಕ ಅದೇ ಮಗುವಿನ ಮುಖವನ್ನು ನಡುಮಧ್ಯೆ ಗೆರೆ ಎಳೆದು ಪಾಲು ಮಾಡಿದ್ದಾನೆ, ಪಾಲಿನಲ್ಲಿ ಮೋಸವಿಲ್ಲವೆಂದು ಸಂತೋಷಪಡುತ್ತಿದ್ದಾನೆ. ಇದಕ್ಕೆ ಯಾವ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ? ಮಾವನ ಸಹವಾಸವೇ ಬೇಡವೆಂದು ಆಚೆ ಬೀದಿಯ ದೊಡ್ಡ ಅಂಗಡಿಯಲ್ಲಿ ಮಾಡಿಸಿದಳು. ನಂಬರು ಸರಿಯಾಗಿತ್ತು, ಕನ್ನಡಕ ಮೂಗಿನ ಮೇಲೆ ನಿಲ್ಲಲಿಲ್ಲ. ಜಾರಿ ಜಾರಿ ಮೂಗಿನ ತುದಿಗೆ ಬರುತ್ತಿದ್ದ ಗಾಜಿನ ಮೇಲಿಂದ ಹುಡುಗಿ ಬರಿಗಣ್ಣಿನಲ್ಲೇ ನೋಡುತ್ತ ತಿರುಗಿದಳು. ಕೊನೆಗೆ ಬೇರೆ ದಾರಿ ಕಾಣದೆ ಅದನ್ನೇ ಹಿಡಿದು ಮಾವನ ಬಿಸಿ ಮರಳಿನ ಡಬ್ಬಿಯ ಮುಂದೆ ನಿಲ್ಲಬೇಕಾಯಿತು. ಅವರು ಒಂದು ಮಾತೂ ಆಡದೆ ಸರಿಪಡಿಸಿದರು. ಆ ಮೌನದಲ್ಲಿದ್ದ ಜಂಬವನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

ಅಂದು ಅವಳು ಷರತ್ತು ಹಾಕಿದಳು. ಮಗಳದಿರಲಿ, ಆಸ್ಪತ್ರೆಯ ಬೇರೆ ಮಕ್ಕಳದಿರಲಿ, ಕನ್ನಡಕ ಇವರೇ ಮಾಡುವುದು. ಆದರೆ ಒಂದೊಂದೂ ಅವಳ ಯಂತ್ರದ ಕೆಳಗೆ ಹಾದು ಬಂದ ಮೇಲೆಯೇ ಮಗುವಿನ ಮುಖಕ್ಕೆ. ತಪ್ಪಿದರೆ ಒಂದು ಚೀಟಿಯೂ ಈ ಅಂಗಡಿಗೆ ಬರುವುದಿಲ್ಲ. ಅವಳ ದನಿ ಕೇಳಿ ಮಾವ ಮೊದಲ ಬಾರಿಗೆ ಹೆದರಿದರು. ಮಕ್ಕಳು ಬಾರದ ಅಂಗಡಿಯಲ್ಲಿ ಕೂತು ಮಾಡುವುದೇನು ಎಂಬುದು ಅವರ ಹೆದರಿಕೆ. ಅಂದಿನಿಂದ ಕನ್ನಡಕಗಳು ಸರಿಯಾಗಿ ಬಂದವು. ತಂದುಕೊಡುವ ಮುಖ ಮಾತ್ರ ಬೇವು ಜಗಿದಂತಿರುತ್ತಿತ್ತು.

ಹಾಗೆ ಮುಖ ಗಂಟಿಕ್ಕಿಕೊಂಡವರಿಗೆ ಏನಾದರೂ ಕೆಲಸ ಕೊಡೋಣವೆಂದು, ಮಗಳನ್ನು ದಿನವೂ ಎರಡು ಗಂಟೆ ಬಯಲಿಗೆ ಕರೆದೊಯ್ಯುವ ಹೊಣೆಯನ್ನು ಅವಳು ಅವರಿಗೇ ವಹಿಸಿದಳು. ಹುಡುಗಿಗೆ ಹಬ್ಬ. ತಾತ ಮೈದಾನದ ಅಂಚಿನಲ್ಲಿ ನಿಂತು, ದೂರದ ಕಟ್ಟಡದಲ್ಲಿ ಎಷ್ಟು ಕಿಟಕಿ, ನೀರಿನ ಟ್ಯಾಂಕಿನ ಮೇಲೆ ಕೂತದ್ದು ಯಾವ ಹಕ್ಕಿ ಎಂದೆಲ್ಲ ಕೇಳುತ್ತಿದ್ದರಂತೆ. ಆದರೆ ಎರಡು ಗಂಟೆಯ ಆಟಕ್ಕೆಂದು ಹೋದವರು ಒಂದೂವರೆ ಗಂಟೆಯಲ್ಲೇ ಮರ್ಯಾದೆಯಿಂದ ಹಿಂತಿರುಗುತ್ತಿದ್ದರು. ಬಿಸಿಲಿಗೂ ಅವರ ಕತ್ತರಿ ಬಿದ್ದಿತ್ತು! ಡಾಕ್ಟರಮ್ಮ ಅದನ್ನು ಕಂಡುಹಿಡಿದು, ಜಗಳವಾಡಿ, ಆಮೇಲೆ ಬುದ್ಧಿ ಕಲಿತು, ಎರಡು ಗಂಟೆ ನಲವತ್ತು ನಿಮಿಷ ಆಡಿಸಬೇಕು ಎಂದು ಹೇಳತೊಡಗಿದ ಮೇಲೆ ಹುಡುಗಿಗೆ ಸರಿಯಾಗಿ ಎರಡು ಗಂಟೆ ಸಿಗತೊಡಗಿತು.

ವರ್ಷ ಕಳೆಯಿತು. ಒಂದು ಭಾನುವಾರ ಆಸ್ಪತ್ರೆಗೆ ರಜೆಯಿದ್ದಾಗ ಅವಳು ಮಗಳ ಕಣ್ಣಿನ ಉದ್ದ ಅಳೆದಳು, ನಂಬಿಕೆಯಾಗದೆ ಮತ್ತೊಮ್ಮೆ ಅಳೆದಳು. ಹಿಂದಿನ ವರ್ಷ ಬೆಳೆದದ್ದರ ಅರ್ಧದಷ್ಟೂ ಈ ವರ್ಷ ಬೆಳೆದಿರಲಿಲ್ಲ. ಅಪಾಯ ತಪ್ಪಿತೆಂದು ಹೇಳಲಾಗದು, ಮುಂದಿನ ವರ್ಷಗಳು ಇನ್ನೂ ಇವೆ. ಆದರೂ ಅವಳು ಹಾಕಿದ್ದ ಅಂದಾಜಿನ ಗೆರೆ ಮೊದಲ ಸಲ ಕೆಳಗೆ ಬಾಗಿತ್ತು. ಅವಳಿಗೆ ಅಳು ಬಂತು. ಪಕ್ಕದ ಕುರ್ಚಿಯಲ್ಲಿ ಅವಳ ತಾಯಿ ಕೂತಿದ್ದರು, ಬಾಗಿಲಲ್ಲಿ ಮಾವ ನಿಂತಿದ್ದರು. ಅವಳು ವಿಷಯ ಹೇಳಿದಳು.

ಮಾವ ಗದ್ದ ಚಾಚಿದರು. ಎಲ್ಲದರಲ್ಲೂ ಮಿತಿ ಇಟ್ಟದ್ದರಿಂದ ಹೀಗಾಯಿತು ಎಂದರು. ಮೊದಲ ವರ್ಷಗಳಲ್ಲಿ ತಾವು ಕಮ್ಮಿ ಕೊಟ್ಟು ಕಣ್ಣನ್ನು ಹದಕ್ಕೆ ತಂದಿಟ್ಟಿದ್ದರಿಂದಲೇ ಈಗ ಔಷಧ ಹಿಡಿಯಿತು, ಅಕ್ಕನಿಗೂ ಹಾಗೇ ಅಲ್ಲವೇ ಆದದ್ದು ಎಂದರು. ಡಾಕ್ಟರಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. ಅವರು ಕಮ್ಮಿ ಕೊಟ್ಟದ್ದಕ್ಕೂ ಯಾರ ಕಣ್ಣು ಎಲ್ಲಿ ನಿಂತಿತು ಎಂಬುದಕ್ಕೂ ಏನೇನೂ ಸಂಬಂಧವಿಲ್ಲ, ತನ್ನದು ಆರಕ್ಕೆ ನಿಂತದ್ದು ತಾನಾಗಿಯೇ, ಅಮ್ಮನ ಎರಡನೆಯ ಕಣ್ಣು ಉಳಿದದ್ದೂ ತಾನಾಗಿಯೇ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಮಾವ ಬಹಳ ಮೆಲ್ಲಗೆ ಕೇಳಿದರು. “ಮತ್ತೆ ಹೋದ ಕಣ್ಣು? ಅದು ನನ್ನಿಂದ ಹೋಯ್ತಾ?”

ಅವಳ ಕೋಪ ಜರ್ರನೆ ಇಳಿಯಿತು. ಇಲ್ಲವೇ ಇಲ್ಲ ಎಂದಳು. ಕಮ್ಮಿ ಮಾಡಿದ್ದರೂ ಮಾಡದಿದ್ದರೂ ಆ ಕಣ್ಣು ಹೋಗುವುದೇ ಇತ್ತು, ಅದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ ಎಂದಳು. ಅದು ಸತ್ಯವೂ ಹೌದು, ಸಮಾಧಾನವೂ ಹೌದು ಎಂದು ಅವಳು ನಂಬಿದ್ದಳು. ಆದರೆ ಅವರ ತಲೆ, ಯಾವತ್ತೂ ಹಿಂದಕ್ಕೆ ವಾಲಿರುತ್ತಿದ್ದ ತಲೆ, ಮುಂದಕ್ಕೆ ಬಾಗಿ ಎದೆಗೆ ತಾಗಿತು.

“ಅಂದ್ರೆ, ನಾನು ಇದ್ದರೂ ಒಂದೇ, ಇಲ್ಲದೇ ಇದ್ದರೂ ಒಂದೇ,” ಎಂದರು.

ತಪ್ಪು ನಿಮ್ಮದಲ್ಲ ಎಂದರೆ ಮುಖ ಬಾಡಿಸಿಕೊಳ್ಳುವ ಮನುಷ್ಯನನ್ನು ಡಾಕ್ಟರಮ್ಮ ಕಂಡದ್ದು ಅದೇ ಮೊದಲು. ಮಾತಾಡಿದವರು ಅವಳ ತಾಯಿ.

“ಒಂದೇ ಹೇಗಾಗುತ್ತೋ?” ಎಂದರು. “ನಿನ್ನ ಕನ್ನಡಕದಲ್ಲಿ ನನಗೆ ಯಾವತ್ತೂ ಸರಿಯಾಗಿ ಕಾಣಿಸಲಿಲ್ಲ. ಇವಳು ಚಿಕ್ಕವಳಿದ್ದಾಗ ಶಾಲೆ ನಾಟಕದಲ್ಲಿ ಇದ್ದಳಲ್ಲ, ಅಷ್ಟು ಮಕ್ಕಳಲ್ಲಿ ನಮ್ಮದು ಯಾವುದು ಅಂತ ಗೊತ್ತಾಗದೆ, ಬಂದ ಮಕ್ಕಳಿಗೆಲ್ಲ ಚಪ್ಪಾಳೆ ತಟ್ಟಿದೆ ಕಣೋ. ಬೆರಳು ಕುಯ್ದುಕೊಂಡು ಗಾಜು ಉಜ್ಜಿದೀಯ, ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ.”

ಮಾವ ತಲೆಯೆತ್ತಿ ಅಕ್ಕನನ್ನು ನೋಡಿದರು. ಕೆಳಗಿನ ಅಂಚಿನಿಂದಲ್ಲ, ನೇರವಾಗಿ. ಕಾಣಿಸುತ್ತಿರಲಿಲ್ಲವೇ ಎಂದು ಕೇಳಿದರು. ಇಲ್ಲ ಎಂದು ಆಕೆ ತಲೆಯಾಡಿಸಿದರು. ಮಾವ ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತು, ಬೂದು ಕೋಟಿನ ಮೋಟು ತೋಳಿನಿಂದ ಮುಖ ಒರೆಸಿಕೊಳ್ಳುತ್ತ, ತಪ್ಪಾಯ್ತು ಅಕ್ಕ ಎಂದರು. ಅವರ ಬಾಯಿಂದ ಆ ಮಾತು ಬಂದದ್ದನ್ನು ಡಾಕ್ಟರಮ್ಮ ಎಂದೂ ಕೇಳಿರಲಿಲ್ಲ. ಆ ತಪ್ಪನ್ನು ಅಕ್ಕ ಕೈಗೆ ಕೊಟ್ಟ ಮೇಲೆ ಅವರ ಮುಖಕ್ಕೆ ಕಳೆ ಮರಳಿದ್ದನ್ನೂ ಅವಳು ಗಮನಿಸಿದಳು. ಗಮನಿಸಿ, ಅಷ್ಟು ದುಃಖದ ನಡುವೆಯೂ ಅವಳಿಗೆ ಇಬ್ಬರ ಮೇಲೂ ರೇಗಿತು. ವರ್ಷವಿಡೀ ಅವಳು ಪುರಾವೆಗಳನ್ನು ರಾಶಿ ಹಾಕಿದ್ದಳು. ಬೇಕಾಗಿದ್ದದ್ದು ಈ ಮುದುಕಿ ಅರ್ಧ ಆಯುಷ್ಯ ನುಂಗಿಕೊಂಡಿದ್ದ ಒಂದು ದೂರು ಮಾತ್ರ.

ಇಂಥವರು ಎಲ್ಲ ಮನೆಗಳಲ್ಲೂ ಒಬ್ಬೊಬ್ಬರಿರುತ್ತಾರೆ. ಪ್ರೀತಿಸುವವರ ಹಣೆಬರಹವನ್ನು ತಮ್ಮ ಕೈಯಿಂದಲೇ ತಿದ್ದುತ್ತಿದ್ದೇವೆ ಎಂದು ನಂಬಿ, ಯಾರನ್ನೂ ಕೇಳದೆ ಕೊಡುತ್ತಾರೆ, ಯಾರನ್ನೂ ಕೇಳದೆ ಕಳೆಯುತ್ತಾರೆ; ಅವರೊಡನೆ ವಾದಿಸಿ ಗೆದ್ದವರಿಲ್ಲ, ಅವರನ್ನು ಬಿಟ್ಟು ಬಾಳಿದವರೂ ಇಲ್ಲ. ನಿನ್ನಿಂದ ಕೆಟ್ಟದಾಯಿತು ಎಂದರೆ ಅವರು ತಡೆದುಕೊಳ್ಳುತ್ತಾರೆ, ನಿನ್ನಿಂದ ಏನೂ ಆಗಲಿಲ್ಲ ಎಂದರೆ ತಡೆದುಕೊಳ್ಳಲಾರರು. ಅವರಿಗೆ ಜೋಡಿಯಾಗಿ, ಕೊಟ್ಟದ್ದನ್ನು ಸಾಲದೆನ್ನದೆ ಮುಖಕ್ಕೇರಿಸಿಕೊಂಡು, ಮಸುಕಿನಲ್ಲೇ ನಗುತ್ತ ಬದುಕು ತಳ್ಳುವವರೂ ಅದೇ ಮನೆಯಲ್ಲಿರುತ್ತಾರೆ. ಒಬ್ಬರು ಕೇಳುವುದಿಲ್ಲ, ಇನ್ನೊಬ್ಬರು ಹೇಳುವುದಿಲ್ಲ, ಇದನ್ನೇ ಇಬ್ಬರೂ ಮಮತೆಯೆಂದು ಕರೆಯುತ್ತಾರೆ. ಕಾಣಿಸುತ್ತಿದೆಯೇ ಎಂದು ಒಂದು ಸಲ ಕೇಳಿದ್ದರೆ, ಇಲ್ಲವೆಂದು ಒಂದು ಸಲ ಹೇಳಿದ್ದರೆ, ಒಬ್ಬ ತಾಯಿ ತನ್ನ ಮಗುವಿಗೇ ಚಪ್ಪಾಳೆ ತಟ್ಟಿರುತ್ತಿದ್ದಳು.